ಐ7 ಇರಲಿ ಬಿಡ್ರಿ, ಇನ್ನೊಂದು ಸ್ಲಾಟ್ ಐತೇನು?

ಲ್ಯಾಪ್‌ಟಾಪ್ ಅಂಗಡಿಯಲ್ಲಿ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ ಥರ ಇರುತ್ತವೆ. ರೇಟು ಎಷ್ಟು, ವಾರಂಟಿ ಎಷ್ಟು ವರ್ಷ, ಬ್ಯಾಗ್ ಫ್ರೀ ಕೊಡ್ತೀರಾ, ಐ5 ಇದೆಯಾ ಐ7 ಇದೆಯಾ (ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳ ಹೆಸರು ಇವು). ರ‍್ಯಾಮ್ (ತೆರೆದ ಕೆಲಸವನ್ನು ಸದ್ಯಕ್ಕೆ ಹಿಡಿದಿಡುವ ಮೆಮೊರಿ) ಎಷ್ಟಿದೆ, ಮುಂದೆ ಇನ್ನಷ್ಟು ಹಾಕೋಕೆ ಒಳಗೆ ಜಾಗ ಇದೆಯಾ ಅಂತ ಕೇಳುವವರು ತೀರಾ ಕಡಿಮೆ. ನಾನು ಧಾರವಾಡದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಹುಡುಗರ ಲ್ಯಾಪ್‌ಟಾಪ್ ಹ್ಯಾಂಗ್ ಆಯಿತೆಂದರೆ ಅದು ಮೊದಲು ಬರುವುದು ನನ್ನ ಟೇಬಲ್‌ಗೆ. ವೈರಸ್ ಇದೆ ಸರ್, ಫಾರ್ಮ್ಯಾಟ್ ಮಾಡಿಕೊಡಿ ಸರ್ ಅಂತಾರೆ. ತೆಗೆದು ನೋಡಿದರೆ ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ನಾಲ್ಕು ಜಿಬಿ ರ‍್ಯಾಮಿನ ಮೇಲೆ ವಿಂಡೋಸ್ 11, ಅದರ ಮೇಲೆ ಕ್ರೋಮ್, ಅದರ ಮೇಲೆ ಪಾಪ ಆ ಹುಡುಗನ ಪ್ರಾಜೆಕ್ಟ್.

ಸಿಇಟಿ ಸೀಟು ಹಂಚಿಕೆ ಶುರುವಾದರೆ ನನಗೆ ನೆಂಟರ ಫೋನ್ ಶುರು. ಈ ಸಲ ಭಾವನದು. ಬ್ಯಾಡಗಿ ಹತ್ತಿರದ ಹಳ್ಳಿ, ಮೆಣಸಿನಕಾಯಿ ಬೆಳೆಯುವ ಮನೆ. ಅಕ್ಕನ ಮಗಳಿಗೆ ಹುಬ್ಬಳ್ಳಿಯಲ್ಲಿ ಸಿವಿಲ್ ಸೀಟು ಸಿಕ್ಕಿತ್ತು. "ಈ ಸಲ ಮಾರ್ಕೆಟ್ಟಿನಾಗ ರೇಟ್ ಬರೋಬ್ಬರಿ ಸಿಕ್ಕೈತಿ. ಐವತ್ತು ಸಾವಿರ ತೆಗೆದಿಟ್ಟೀನಿ. ಅದರಾಗ ಚಲೋದೊಂದು ನೋಡ್ ತಮ್ಮಾ, ನಾಕು ವರ್ಷ ಬಾಳಿಕಿ ಬರಬೇಕು." ಒಂದೇ ಮಾತಿನಲ್ಲಿ ಅಳತೆ, ಬೆಲೆ, ಅವಧಿ ಎಲ್ಲ ಹೇಳಿ ಮುಗಿಸಿದರು. ನಿಜ ಹೇಳಬೇಕೆಂದರೆ ಲ್ಯಾಪ್‌ಟಾಪ್ ಬಗ್ಗೆ ಇಷ್ಟು ಸ್ಪಷ್ಟವಾಗಿ ಕೇಳುವವರು ನಮ್ಮ ಸ್ಟಾಫ್ ರೂಮಿನಲ್ಲೂ ಇಲ್ಲ.

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆ ಕಡೆಯ ಒಂದು ಅಂಗಡಿಗೆ ಹೋದೆವು. ಅಲ್ಲಿನ ಹುಡುಗ ಮೊದಲು ಕೈಗೆತ್ತಿಕೊಂಡಿದ್ದೇ ಐ7. "ಮ್ಯಾಲ ಇನ್ನೊಂದು ಎಂಟು ಸಾವಿರ ಹಾಕ್ರಿ ಸರ, ಐ7 ಬರ್ತೈತಿ. ಇದರ ಮ್ಯಾಲ ಏನೂ ಇಲ್ರಿ." ಭಾವ ನನ್ನ ಮುಖ ನೋಡಿದರು. ಮಗಳ ಓದಿಗೆ ಎಂಟು ಸಾವಿರಕ್ಕೆ ಹಿಂದೆ ಸರಿಯುವ ಮನುಷ್ಯ ಅಲ್ಲ ಅವರು, ಅದು ಆ ಹುಡುಗನಿಗೂ ಗೊತ್ತಾಗಿಬಿಟ್ಟಿತ್ತು. ಅದು 11ನೇ ಜನರೇಷನ್ನಿನ ಐ7-1165ಜಿ7. ಪಕ್ಕದಲ್ಲೇ ಕಡಿಮೆ ಬೆಲೆಗೆ 12ನೇ ಜನರೇಷನ್ನಿನ ಐ5-1235ಯು ಕೂತಿತ್ತು. ಐ7 ಅನ್ನುವ ಅದರೊಳಗೆ ಇರುವುದು 4 ಕೋರ್, ಅಂದರೆ ಕೆಲಸ ಮಾಡುವ ನಾಲ್ಕು ಕೈ. ಐ5ರೊಳಗೆ 10, ಎರಡು ದೊಡ್ಡವು, ಎಂಟು ಸಣ್ಣವು. ಅಷ್ಟೇ ಯಾಕೆ, ಅದೇ 12ನೇ ಜನರೇಷನ್ನಿನ ಐ3-1215ಯುನಲ್ಲೂ 6 ಕೋರ್ ಇವೆ. ಏಳು ಐದಕ್ಕಿಂತ ದೊಡ್ಡದು ಅನ್ನುವ ಶಾಲೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮುಂದಿನ ನಾಲ್ಕೈದು ಅಂಕಿ ಓದಬೇಕು. ಎಎಮ್‌ಡಿಯದ್ದೂ ಅದೇ ಕಥೆ. ರೈಜನ್ 5 7520ಯು ಅಂತ ಬರುತ್ತಲ್ಲ, ಮೊದಲ 7 ನೋಡಿ ಹೊಸದು ಅಂದುಕೊಳ್ಳುತ್ತೇವೆ. ಒಳಗಿನ ವಿನ್ಯಾಸ ಯಾವ ಕಾಲದ್ದು ಅಂತ ಹೇಳುವುದು ಮೂರನೇ ಅಂಕಿ. ಅಲ್ಲಿರುವ 2 ಅಂದರೆ ಝೆನ್ 2, ಹಳೇ ಪೀಳಿಗೆ. ಜೊತೆಗೆ ಅದರ ರ‍್ಯಾಮ್ ಯಾವಾಗಲೂ ಬೋರ್ಡಿಗೆ ಬೆಸುಗೆ ಹಾಕಿದ್ದೇ ಆಗಿರುತ್ತದೆ, ಬದಲಾಯಿಸುವ ಮಾತೇ ಇಲ್ಲ.

ಆದರೆ ನಾನು ಅಲ್ಲಿ ಕೋರ್ ಎಣಿಸೋಕೆ ಹೋಗಿರಲಿಲ್ಲ. ಆ ಐ7ನಲ್ಲಿ ರ‍್ಯಾಮ್ ಎಷ್ಟು ಅಂತ ಕೇಳಿದೆ. "ಎಂಟು ಜಿಬಿ ಸರ, ಮತ್ತ ಐದುನೂರಾ ಹನ್ನೆರಡು ಜಿಬಿ ಎಸ್‌ಎಸ್‌ಡಿ." ಭಾವನಿಗೆ ಐದುನೂರಾ ಹನ್ನೆರಡು ಕೇಳಿಯೇ ಸಮಾಧಾನ ಆಯಿತು. "ಅಷ್ಟೈತಲ್ಲ, ಸಾಕಲ್ಲ ಮತ್ತ?" ಅಂದರು. ಅವರಿಗೆ ನಾನು ಅವರ ಮನೆಯ ಲೆಕ್ಕದಲ್ಲೇ ಹೇಳಿದೆ. ಐದುನೂರಾ ಹನ್ನೆರಡು ಅನ್ನೋದು ಹಗೇವು ಭಾವ, ಕಾಳು ತುಂಬಿಡೋ ಜಾಗ. ಎಂಟು ಅನ್ನೋದು ಕಣ. ಹಗೇವು ಎಷ್ಟೇ ದೊಡ್ಡದಿದ್ದರೂ ರಾಶಿ ಮಾಡೋದು ಕಣದಲ್ಲೇ ಅಲ್ವಾ. ಕಣ ಸಣ್ಣದಾದರೆ ಅರ್ಧ ತೆನೆ ಬದುವಿನ ಮೇಲೆ ಒಟ್ಟಿ, ಇದ್ದಷ್ಟು ತುಳಿಸಿ, ಅದನ್ನು ತೆಗೆದು, ಮತ್ತೆ ಆ ಅರ್ಧ ತರಬೇಕು. ಕೆಲಸ ಆಗುತ್ತದೆ, ಆದರೆ ಹೊತ್ತು ಮುಳುಗುತ್ತದೆ. ಭಾವ ಮುಂದಿನ ಪ್ರಶ್ನೆ ನೇರವಾಗಿ ಅಂಗಡಿಯ ಹುಡುಗನಿಗೇ ಕೇಳಿದರು. "ಕಣ ದೊಡ್ಡದು ಮಾಡಾಕ ಬರ್ತೈತೇನಪಾ ಇದರಾಗ?" ಆ ಹುಡುಗ ಪಾಪ ಕಕ್ಕಾಬಿಕ್ಕಿ.

ಕಂಪ್ಯೂಟರಿನೊಳಗೆ ಆಗುವುದೂ ಇದೇ. ರ‍್ಯಾಮ್ ತುಂಬಿತು ಅಂದರೆ ವಿಂಡೋಸ್ ಸುಮ್ನೆ ಕೂರುವುದಿಲ್ಲ, ಸದ್ಯ ಬೇಡದ ಚೂರುಗಳನ್ನು ಎಸ್‌ಎಸ್‌ಡಿ ಮೇಲಿನ ಪೇಜ್‌ಫೈಲ್‌ಗೆ ಬರೆದಿಡುತ್ತದೆ. ಬೇಕಾದಾಗ ವಾಪಸ್ ತರುತ್ತದೆ. ಒಂದು ಚೂರು ಹುಡುಕಿ ತರುವ ಹೊತ್ತು ನೋಡಿದರೆ, ಒಳ್ಳೆಯ ಎಸ್‌ಎಸ್‌ಡಿ ಕೂಡ ರ‍್ಯಾಮಿಗಿಂತ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ನಿಧಾನ. ಹಳೇ ಹಾರ್ಡ್ ಡಿಸ್ಕ್ ಆದರೆ ಕೇಳಲೇಬೇಡಿ. ಮೌಸ್ ಬಾಣ ಅಲ್ಲಾಡುತ್ತದೆ, ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ಕಿಟಕಿ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್' ಅಂತ ಬರುತ್ತಲ್ಲ, ಅದು ಬಹಳ ಸಲ ಈ ಒಯ್ದು ತರುವ ಆಟವೇ.

ಅಂಗಡಿಯಲ್ಲಿ ಡೆಮೋಗೆ ಇಟ್ಟ ಲ್ಯಾಪ್‌ಟಾಪಿನಲ್ಲಿ ಇದನ್ನು ಯಾರು ಬೇಕಾದರೂ ನೋಡಬಹುದು, ಯಾರ ಅಪ್ಪಣೆಯೂ ಬೇಡ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಅನ್ನುವಲ್ಲಿ ಹೋಗಿ ಮೆಮೊರಿ ಒತ್ತಿ. ಕೆಳಗೆ ಬಲಗಡೆ ಸಣ್ಣ ಅಕ್ಷರದಲ್ಲಿ ಮೂರು ನಾಲ್ಕು ಸಾಲು ಇರುತ್ತವೆ, ಕಣ್ಣು ಕಿರಿದು ಮಾಡಿ ಓದಬೇಕು. ಸ್ಪೀಡ್, ಸ್ಲಾಟ್ಸ್ ಯೂಸ್ಡ್, ಫಾರ್ಮ್ ಫ್ಯಾಕ್ಟರ್, ಹಾರ್ಡ್‌ವೇರ್ ರಿಸರ್ವ್ಡ್. ಆ ಐ7ನಲ್ಲಿ ಫಾರ್ಮ್ ಫ್ಯಾಕ್ಟರ್ ಮುಂದೆ 'ರೋ ಆಫ್ ಚಿಪ್ಸ್' ಅಂತ ಇತ್ತು. ಅಂದರೆ ಚಿಪ್‌ಗಳನ್ನು ಬೋರ್ಡಿಗೇ ಬೆಸೆದಿದ್ದಾರೆ. ಆನ್‌ಬೋರ್ಡ್ ಅಂತಾರಲ್ಲ, ಅದು. ಐ5ನಲ್ಲಿ 'ಸೋಡಿಮ್', ಅಂದರೆ ತೆಗೆದು ಹಾಕಬಹುದಾದ ಸ್ಟಿಕ್, ಸ್ಲಾಟ್ಸ್ ಯೂಸ್ಡ್ '1 ಆಫ್ 2'. ಅಂದರೆ ಎಂಟು ಜಿಬಿಯ ಒಂದು ಸ್ಟಿಕ್ ಕೂತಿದೆ, ಇನ್ನೊಂದಕ್ಕೆ ಜಾಗ ಖಾಲಿ ಇದೆ. ನಮ್ಮ ನಿರ್ಧಾರ ಅಲ್ಲಿಗೇ ಮುಗಿದಂತೆ ಆಯಿತು. ಒಂದು ಎಚ್ಚರಿಕೆ: ಆನ್‌ಬೋರ್ಡ್ ಇದ್ದಾಗ ಸ್ಲಾಟಿನ ಲೆಕ್ಕ ಒಮ್ಮೊಮ್ಮೆ ಅಡ್ಡಾದಿಡ್ಡಿ ತೋರಿಸುತ್ತದೆ, ಇಲ್ಲದ ಸ್ಲಾಟನ್ನೂ ಎಣಿಸುತ್ತದೆ. ಹಾಗಾಗಿ ಮಾಡೆಲ್ ನಂಬರ್ ಪೂರ್ತಿ ಬರೆದುಕೊಂಡು ಕಂಪನಿಯ ಸೈಟಿನಲ್ಲಿ ಗರಿಷ್ಠ ಮೆಮೊರಿ ಎಷ್ಟು ಅಂತ ಒಮ್ಮೆ ನೋಡಿಬಿಡಿ. ಅಂಗಡಿಯ ಚೀಟಿಯಲ್ಲಿ ಅದನ್ನು ಬರೆದಿರುವುದಿಲ್ಲ.

ಎಷ್ಟು ಸಾಕು ಅನ್ನುವುದನ್ನು ಹೇಳಬೇಕಾದದ್ದು ಹುಡುಗಿ ಓದುವ ವಿಷಯ. ಅಂಗಡಿಯವನೂ ಅಲ್ಲ, ನಾನೂ ಅಲ್ಲ. ಸಿವಿಲ್ ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಎಳೆಯುವ ಆಟೋಕ್ಯಾಡ್ ತಪ್ಪಿದ್ದಲ್ಲ. ಆಟೋಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ಅದನ್ನು ಒಂದು ವರ್ಷಕ್ಕೆ ಫ್ರೀ ಕೊಡುತ್ತದೆ, ಓದುತ್ತಿರುವಷ್ಟು ಕಾಲ ವರ್ಷವರ್ಷ ಮುಂದುವರಿಸಿಕೊಳ್ಳಬಹುದು. (ಕ್ರ್ಯಾಕ್ ಹಾಕಿಕೊಂಡು ವೈರಸ್ ಮೈಮೇಲೆ ಎಳೆದುಕೊಳ್ಳುವ ಹುಡುಗರು ಇದನ್ನು ಇನ್ನೊಂದು ಸಲ ಓದಿ.) ಈಚಿನ ಆಟೋಕ್ಯಾಡ್‌ಗೆ ಕಂಪನಿಯೇ ಹೇಳುವ ಕನಿಷ್ಠ ರ‍್ಯಾಮ್ 8 ಜಿಬಿ, ಇದ್ದರೆ ಒಳ್ಳೆಯದು ಅನ್ನುವುದು 32 ಜಿಬಿ. ಮೂವತ್ತೆರಡು ಕೇಳಿ ಗಾಬರಿಯಾಗಬೇಡಿ. ಒಂದು ಮನೆಯ ಪ್ಲಾನ್ ಎಳೆಯೋಕೆ, ಮೊದಲ ವರ್ಷದ ಡ್ರಾಯಿಂಗಿಗೆ ಎಂಟರಲ್ಲೂ ನಡೆಯುತ್ತದೆ. ಕಷ್ಟ ಬರುವುದು ಮೂರನೇ ವರ್ಷದಲ್ಲಿ, ರೆವಿಟ್ ಶುರು ಮಾಡಿದಾಗ. ಅದು ಬರೀ ಗೆರೆ ಎಳೆಯುವ ಸಾಫ್ಟ್‌ವೇರ್ ಅಲ್ಲ. ಗೋಡೆ, ಕಿಟಕಿ, ಪೈಪು, ಕಬ್ಬಿಣ ಎಲ್ಲದರ ಮಾಹಿತಿಯನ್ನೂ ಒಟ್ಟಿಗೆ ಹಿಡಿದುಕೊಂಡು ಕೂರುತ್ತದೆ. ಅದರ ಕನಿಷ್ಠವೇ 16 ಜಿಬಿ. ಎಂಟು ಜಿಬಿಯಲ್ಲೂ ತೆರೆಯುತ್ತದೆ, ತೆರೆದ ಮೇಲೆ ನೀವು ಎದ್ದು ಹೋಗಿ ಚಹಾ ಕುಡಿದು ಬರಬೇಕು.

ಮೆಕ್ಯಾನಿಕಲ್‌ನವರ ಸಾಲಿಡ್‌ವರ್ಕ್ಸ್ ಕೂಡ 16 ಜಿಬಿ ಕೇಳುತ್ತದೆ. ಸಾಲಿಡ್ ಎಡ್ಜ್ ವಿದ್ಯಾರ್ಥಿ ಆವೃತ್ತಿ ಫ್ರೀ ಇದೆ, ಡ್ರಾಯಿಂಗ್ ಕ್ಲಾಸಿಗೆ ಸಾಕು. ಎಲೆಕ್ಟ್ರಾನಿಕ್ಸ್ ಹುಡುಗರ ಎಲ್‌ಟಿ ಸ್ಪೈಸ್, ಆರ್ಡಿನೋ ಇವೆಲ್ಲ ಹಗುರ. ಅದೇ ಚಿಪ್ ವಿನ್ಯಾಸದ ವಿವಾಡೋ ಹಾಕೋಕೆ ಹೋದರೆ ರ‍್ಯಾಮ್ ಅಲ್ಲದೆ ಡಿಸ್ಕಿನಲ್ಲೂ ಹತ್ತಾರು ಜಿಬಿ ನುಂಗುತ್ತದೆ. ಬಿಕಾಂ ಓದುವವರಿಗೆ ಟ್ಯಾಲಿ, ಎಕ್ಸೆಲ್, ನುಡಿ. ಅವರಿಗೆ 8 ಜಿಬಿ ಧಾರಾಳ. ಅವರ ಹತ್ತಿರ ಹದಿನಾರು, ಗೇಮಿಂಗ್ ಕಾರ್ಡ್ ಅಂತ ಕಟ್ಟುವ ಅಂಗಡಿಯವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಕೃಷಿ ವಿಶ್ವವಿದ್ಯಾಲಯದಲ್ಲಿ ಅಂಕಿಅಂಶಕ್ಕೆ ಆರ್ ಬಳಸುವವರು, ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಹಳ್ಳಿಯ ನಕ್ಷೆಗೆ ಕ್ಯೂಜಿಐಎಸ್ ಹಿಡಿದವರು ಎಂಟರಲ್ಲಿ ಶುರು ಮಾಡಬಹುದು. ಉಪಗ್ರಹದ ದೊಡ್ಡ ಚಿತ್ರಗಳನ್ನು ಒಂದರ ಮೇಲೊಂದು ಹೇರಿದಾಗ ಮಾತ್ರ ಅದು ಏದುಸಿರು ಬಿಡುತ್ತದೆ.

ಕಂಪ್ಯೂಟರ್ ಸೈನ್ಸ್ ಮತ್ತು ಬಿಸಿಎ ಹುಡುಗರ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇಲ್ಲಿ ಎಲ್ಲರೂ ಲೆಕ್ಕ ತಪ್ಪುತ್ತಾರೆ. ಮೊದಲ ವರ್ಷದ ಸಿ ಪ್ರೋಗ್ರಾಂಗೆ ಹಳೇ ನಾಲ್ಕು ಜಿಬಿ ಪೆಟ್ಟಿಗೆಯೂ ಸಾಕು. "ಕೋಡಿಂಗ್ ಅಂದ್ರ ಬರೀ ಅಕ್ಷರ ಟೈಪ್ ಮಾಡೂದಲ್ರಿ, ಅದಕ್ಯಾಕ ಅಷ್ಟು" ಅಂತ ಒಬ್ಬ ಅಪ್ಪ ನನಗೆ ಕೇಳಿದ್ದರು, ಕೇಳುವುದರಲ್ಲಿ ಅರ್ಥವೂ ಇದೆ. ಆದರೆ ಮುಂದೆ ಮೊಬೈಲ್ ಆ್ಯಪ್ ಕಟ್ಟುವ ಆಂಡ್ರಾಯ್ಡ್ ಸ್ಟುಡಿಯೋ ಬರುತ್ತದೆ. ಲೆಕ್ಕ ಹಾಕೋಣ. ವಿಂಡೋಸ್ 11 ಏನೂ ಮಾಡದೆ ಕೂತಿದ್ದಾಗಲೇ ಮೂರರಿಂದ ನಾಲ್ಕು ಜಿಬಿ ಹಿಡಿದಿರುತ್ತದೆ. ಕ್ರೋಮ್‌ನಲ್ಲಿ ಹತ್ತು ಟ್ಯಾಬ್, ಅದರಲ್ಲೊಂದು ಯೂಟ್ಯೂಬ್, ಒಂದೂವರೆ ಎರಡು ಜಿಬಿ. ಆಂಡ್ರಾಯ್ಡ್ ಸ್ಟುಡಿಯೋ ಎರಡು. ಅದು ಆ್ಯಪ್ ಕಟ್ಟುವಾಗ ಓಡಿಸುವ ಗ್ರೇಡಲ್ ಅನ್ನುವುದಕ್ಕೆ ಪ್ರತ್ಯೇಕವಾಗಿ 2 ಜಿಬಿ ತನಕ ತೆಗೆದುಕೊಳ್ಳುವ ಪರವಾನಗಿ ಪ್ರಾಜೆಕ್ಟಿನ ಸೆಟ್ಟಿಂಗಿನಲ್ಲೇ ಬರೆದಿರುತ್ತದೆ. ಆಮೇಲೆ ಎಮ್ಯುಲೇಟರ್, ಅಂದರೆ ಪರದೆಯ ಮೇಲೆ ಓಡುವ ಸುಳ್ಳು ಫೋನು, ಅದಕ್ಕೆ ಇನ್ನೆರಡು. ಕೂಡಿಸಿ ನೋಡಿ, ಹತ್ತು ದಾಟಿತು. ಎಂಟು ಜಿಬಿ ಲ್ಯಾಪ್‌ಟಾಪಿನಲ್ಲಿ ಎಂಟೂ ಸಿಗುವುದಿಲ್ಲ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವುಗಳಲ್ಲಿ ಪರದೆಯ ಕೆಲಸಕ್ಕೂ ಅದರಲ್ಲೇ ಪಾಲು ಹೋಗುತ್ತದೆ. ಎಮ್ಯುಲೇಟರ್ ಸಮೇತ ಬಳಸೋಕೆ 16 ಜಿಬಿ ಬೇಕು ಅಂತ ಗೂಗಲ್ ಹೇಳುವುದು ಇದಕ್ಕೇ. ಎಂಟೇ ಇರುವವರಿಗೆ ನಾನು ಹೇಳುವುದು, ಎಮ್ಯುಲೇಟರ್ ಮುಟ್ಟಲೇಬೇಡಿ, ಸ್ವಂತ ಫೋನನ್ನೇ ಯುಎಸ್‌ಬಿ ವೈರಿನಿಂದ ಜೋಡಿಸಿ ಅದರಲ್ಲೇ ಆ್ಯಪ್ ಓಡಿಸಿ. ಅರ್ಧ ಕಷ್ಟ ಅಲ್ಲಿಗೇ ಕಳೆಯುತ್ತದೆ.

ಇದನ್ನೆಲ್ಲ ಇಷ್ಟು ಉದ್ದ ಬರೆಯೋಕೆ ಒಂದು ಕಾರಣ ಇದೆ. ಲ್ಯಾಬ್‌ನಲ್ಲಿ ಕೂತು ವರ್ಷಗಟ್ಟಲೆ ನೋಡಿದ್ದು. ಲ್ಯಾಪ್‌ಟಾಪ್ ನಿಧಾನ ಇದ್ದಾಗ ಹುಡುಗರು ಲ್ಯಾಪ್‌ಟಾಪನ್ನು ಬೈಯುವುದಿಲ್ಲ. ತಮ್ಮನ್ನೇ ಬೈದುಕೊಳ್ಳುತ್ತಾರೆ. ಹಳ್ಳಿಯಿಂದ ಬಂದವರು, ಮನೆಯಲ್ಲಿ ಮೊದಲ ಸಲ ಕಂಪ್ಯೂಟರ್ ಕಂಡವರು ಇನ್ನೂ ಜಾಸ್ತಿ. ಒಬ್ಬ ಹುಡುಗಿ ಇದ್ದಳು, ರೋಣದ ಕಡೆಯವಳು, ಲ್ಯಾಬ್ ಪರೀಕ್ಷೆಯಲ್ಲಿ ಕೈ ಚುರುಕು, ರೂಮಿನಲ್ಲಿ ಮಾಡಬೇಕಾದ ಪ್ರಾಜೆಕ್ಟ್ ಮಾತ್ರ ಯಾವಾಗಲೂ ಅರ್ಧ. ಕೇಳಿದರೆ "ನನಗ ಆ್ಯಪ್ ಮಾಡೂದು ತಲಿಗೆ ಹತ್ತವಲ್ದ್ರಿ ಸರ" ಅಂದಳು. ಲ್ಯಾಪ್‌ಟಾಪ್ ತರಿಸಿ ನೋಡಿದೆ. ಒಂದು ಸಾಲು ಬದಲಾಯಿಸಿ ರನ್ ಒತ್ತಿದರೆ ಪರದೆಗೆ ಬರುವಷ್ಟರಲ್ಲಿ ಲ್ಯಾಬಿನ ಆ ಮೂಲೆಯಿಂದ ಈ ಮೂಲೆಗೆ ಹೋಗಿ ಬರಬಹುದು. ಹೊಸದು ಕಲಿಯುವವರು ಒಂದು ಸಾಲು ಬದಲಿಸುತ್ತಾರೆ, ಏನಾಯಿತು ನೋಡುತ್ತಾರೆ, ತಪ್ಪಿದರೆ ಮತ್ತೆ ಬದಲಿಸುತ್ತಾರೆ, ಹಾಗೇ ಕಲಿಯುವುದು. ಆ ತಿರುಗು ಐದು ಸೆಕೆಂಡಿನದ್ದಾದರೆ ಒಂದು ಸಂಜೆಗೆ ನೂರು ಸಲ ತಪ್ಪಬಹುದು. ಐದು ನಿಮಿಷದ್ದಾದರೆ ಹತ್ತು ಸಲ ತಪ್ಪುವಷ್ಟರಲ್ಲಿ ಊಟದ ಹೊತ್ತು. ತಪ್ಪುವ ಅವಕಾಶವೇ ಕಮ್ಮಿ ಸಿಕ್ಕವಳು ನನಗೆ ತಲೆಗೆ ಹತ್ತುವುದಿಲ್ಲ ಅಂದುಕೊಂಡರೆ ಅವಳ ತಪ್ಪೇ ಅದು? ಎಂಟು ಜಿಬಿಯ ಒಂದು ಸ್ಟಿಕ್ ಹಾಕಿಸಿದಳು. ಪ್ರಾಜೆಕ್ಟ್ ಮುಗಿಯಿತು. ಮುಗಿಸಿದ್ದು ಅವಳೇ, ಸ್ಟಿಕ್ ಅಲ್ಲ.

ಹಾಗಾಗಿ ನನ್ನ ಮಟ್ಟಿಗೆ ಇಂಜಿನಿಯರಿಂಗ್ ಹುಡುಗರಿಗೆ ಹದಿನಾರು. ಮೊದಲ ದಿನವೇ ಹದಿನಾರು ಇಲ್ಲದಿದ್ದರೂ ಹದಿನಾರು ಆಗುವಂಥದ್ದು. ಎಂಟು ಆನ್‌ಬೋರ್ಡ್, ಜೊತೆಗೆ ಒಂದು ಖಾಲಿ ಸ್ಲಾಟ್ ಇದ್ದರೂ ನಡೆಯುತ್ತದೆ. ಎಂಟು ಆನ್‌ಬೋರ್ಡ್, ಸ್ಲಾಟೇ ಇಲ್ಲ ಅಂದರೆ ಅದು ಎಷ್ಟೇ ತೆಳ್ಳಗೆ ಬೆಳ್ಳಗೆ ಇದ್ದರೂ ಬೇಡ. ಇನ್ನೊಂದು ಮಾತು. ಎರಡು ಸ್ಲಾಟಿಗೂ ಒಂದೊಂದು ಎಂಟು ಹಾಕಿದರೆ, ಒಂದೇ ಸ್ಲಾಟಿನಲ್ಲಿ ಹದಿನಾರು ಇಟ್ಟಿದ್ದಕ್ಕಿಂತ ಸ್ವಲ್ಪ ಚುರುಕು. ಡ್ಯುಯಲ್ ಚಾನೆಲ್ ಅಂತಾರೆ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಅದು ಕ್ಯಾಡ್ ತಿರುಗಿಸುವಾಗ ಕಣ್ಣಿಗೇ ಕಾಣುತ್ತದೆ. ಕೊಳ್ಳುವಾಗ ಡಿಡಿಆರ್4 ಯಾವುದು, ಡಿಡಿಆರ್5 ಯಾವುದು ನೋಡಿಕೊಳ್ಳಿ, ರ‍್ಯಾಮಿನ ಎರಡು ಪೀಳಿಗೆ ಅವು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ನಡುವಿನ ಕಚ್ಚು ಬೇರೆ ಕಡೆ ಇರುತ್ತದೆ.

"ಈಗ ಎಂಟು ತಗೊಳ್ಳಿ, ಮೂರನೇ ವರ್ಷಕ್ಕೆ ಇನ್ನೊಂದು ಎಂಟು ಹಾಕಿಸಿ, ಅಷ್ಟರಲ್ಲಿ ಅಗ್ಗ ಆಗಿರುತ್ತದೆ" ಅಂತ ನಾವೆಲ್ಲ ಹೇಳುತ್ತಾ ಬಂದಿದ್ದೆವು. 2025ರ ಕೊನೆಯಿಂದ ಆ ಮಾತು ಉಲ್ಟಾ ಹೊಡೆದಿದೆ. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ ಮಾಡುವವರು ಮೂರೇ ಜನ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐಗೆ ಅಂತ ಕಟ್ಟುತ್ತಿರುವ ದೊಡ್ಡ ಡೇಟಾ ಸೆಂಟರ್‌ಗಳು ಕೇಳಿದಷ್ಟು ಕೊಡುತ್ತವೆ, ಹಾಗಾಗಿ ಕಾರ್ಖಾನೆಗಳೂ ಆ ಕಡೆ ವಾಲಿವೆ, ನಮ್ಮ ನಿಮ್ಮ ಸ್ಟಿಕ್‌ಗೆ ಚಿಪ್ ಕಮ್ಮಿಯಾಗಿ ಬೆಲೆ ಏರಿದೆ. ನಮ್ಮಂಥ ಬಿಡಿ ಗಿರಾಕಿಗಳಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುತ್ತೇವೆ ಅಂತ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿತು. ಇದನ್ನು ಭಾವನಿಗೆ ಹೇಳಿದಾಗ ಅವರಿಗೆ ಒಂಚೂರೂ ಆಶ್ಚರ್ಯ ಆಗಲಿಲ್ಲ. ದೊಡ್ಡ ಗಿರಾಕಿ ಬಂದು ಒಟ್ಟಿಗೆ ಎತ್ತಿಕೊಂಡು ಹೋದರೆ ಪೇಟೆಯಲ್ಲಿ ಏನಾಗುತ್ತದೆ ಅನ್ನುವುದನ್ನು ಬ್ಯಾಡಗಿ ಮಾರುಕಟ್ಟೆ ಕಂಡವರಿಗೆ ನಾನು ಹೇಳಿಕೊಡಬೇಕೇ. "ಹಂಗಾರ ಈಗ ಹಾಕಿಸಿಬಿಡು, ಮುಂದ ಯಾವ ರೇಟ್ ಇರ್ತೈತೋ ಏನೋ" ಅಂದರು.

ಹಾಕಿಸಿದೆವು. ಐ7ಗೆ ಅಂತ ಮೇಲೆ ಹಾಕಬೇಕಿದ್ದ ಆ ಎಂಟು ಸಾವಿರದ ಮಾತು ಬಿಟ್ಟು, ಐ5 ತೆಗೆದುಕೊಂಡು, ಉಳಿದದ್ದರಲ್ಲಿ ಇನ್ನೊಂದು ಎಂಟು ಜಿಬಿ. ಅಂಗಡಿಯ ಟೆಕ್ನಿಷಿಯನ್ ಹಿಂದಿನ ಮುಚ್ಚಳ ಬಿಚ್ಚಿ, ಸ್ಟಿಕ್ಕನ್ನು ಓರೆಯಾಗಿ ತೂರಿಸಿ, ಬೆರಳಿನಿಂದ ಕೆಳಗೆ ಒತ್ತಿದ. ಟಕ್ ಅಂತ ಎರಡೂ ಕಡೆ ಕೊಕ್ಕೆ ಹಿಡಿಯಿತು. ನನ್ನ ಅಕ್ಕನ ಮಗಳು ಅಲ್ಲೇ ಟಾಸ್ಕ್ ಮ್ಯಾನೇಜರ್ ತೆಗೆದು "ಮಾಮಾ, ಟು ಆಫ್ ಟು" ಅಂದಳು. ಮುಚ್ಚಳ ತೆಗೆದರೆ ವಾರಂಟಿ ಹೋಗುತ್ತದೆಯೇ ಅನ್ನುವುದನ್ನು ಬಿಲ್ಲಿಗೆ ಮುಂಚೆಯೇ ಕೇಳಿಕೊಳ್ಳಬೇಕು, ಕಂಪನಿಗೊಂದು ರೀತಿ ಇರುತ್ತದೆ. ಅಂಗಡಿಯವರಿಂದಲೇ ಹಾಕಿಸಿ ಸ್ಟಿಕ್ಕನ್ನೂ ಅದೇ ಬಿಲ್ಲಿನಲ್ಲಿ ಬರೆಸಿದರೆ ತಕರಾರು ಕಮ್ಮಿ.

ಐವತ್ತು ಸಾವಿರ ಎಲ್ಲರ ಹತ್ತಿರ ಇರುವುದಿಲ್ಲ, ಗೊತ್ತು. ಅದರ ಅರ್ಧದಲ್ಲಿ ಕೆಲಸ ಆಗಬೇಕು ಅನ್ನುವವರು ಹೊಸದರ ಆಸೆಗೆ ಬಿದ್ದು ಸೆಲೆರಾನ್ ಅನ್ನುವ ದುರ್ಬಲ ಪ್ರೊಸೆಸರ್ ಹಾಕಿದ, 4 ಜಿಬಿ ರ‍್ಯಾಮಿನ, ಎಸ್‌ಎಸ್‌ಡಿ ಬದಲು ನಿಧಾನದ 64 ಜಿಬಿ ಇಎಮ್ಎಮ್‌ಸಿ ಇರುವ ಆಟಿಕೆ ತೆಗೆದುಕೊಳ್ಳಬೇಡಿ. ಅದಕ್ಕಿಂತ ಬೆಂಗಳೂರಿನ ಕಂಪನಿಗಳಲ್ಲಿ ಮೂರ್ನಾಲ್ಕು ವರ್ಷ ದುಡಿದು, ಹೊಸದು ಬಂದ ಮೇಲೆ ಹೊರಗೆ ಬಿದ್ದ ಆಫೀಸ್ ಲ್ಯಾಪ್‌ಟಾಪ್‌ಗಳು ಎಷ್ಟೋ ವಾಸಿ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಇಂಥವು. ನೋಡೋಕೆ ಚಂದ ಇಲ್ಲ, ಕಪ್ಪಗೆ, ದಪ್ಪಗೆ ಇರುತ್ತವೆ. ಕೀಬೋರ್ಡ್ ಗಟ್ಟಿ, ಬಿಚ್ಚೋಕೆ ಸುಲಭ, ಬಿಡಿಭಾಗ ಸಿಗುತ್ತವೆ. ನನಗೆ ಇಷ್ಟವಾದದ್ದು ಥಿಂಕ್‌ಪ್ಯಾಡ್ ಟಿ480. 2018ರದ್ದು, ಇಂಟೆಲ್ 8ನೇ ಜನರೇಷನ್, ಎರಡು ರ‍್ಯಾಮ್ ಸ್ಲಾಟ್, ಒಳಗೊಂದು ಹೊರಗೊಂದು ಬ್ಯಾಟರಿ. ಹೊರಗಿನದು ಸವೆದರೆ ಕೈಯಿಂದಲೇ ತೆಗೆದು ಬೇರೆ ಹಾಕಬಹುದು. ಹಳ್ಳಿಯಲ್ಲಿ ಹೆಸ್ಕಾಂ ಯಾವಾಗ ಕೈ ಕೊಡುತ್ತದೋ ಹೇಳೋಕೆ ಬರುವುದಿಲ್ಲ, ಹಾಗಾಗಿ ಈ ಎರಡು ಬ್ಯಾಟರಿ ಸಣ್ಣ ಮಾತಲ್ಲ. ಆದರೆ ಟಿ480 ಬೇರೆ, ಟಿ480ಎಸ್ ಬೇರೆ. ಕೊನೆಯಲ್ಲಿ ಎಸ್ ಇರುವುದು ತೆಳ್ಳಗಿದೆ, ಅದರಲ್ಲಿ ಸ್ವಲ್ಪ ರ‍್ಯಾಮ್ ಬೆಸೆದದ್ದು, ಸ್ಲಾಟ್ ಒಂದೇ. ಮಾರುವವರು ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತಾರೆ.

ಸೆಕೆಂಡ್ ಹ್ಯಾಂಡಿನಲ್ಲಿ ಈಗ ಇನ್ನೊಂದು ಗುಂಡಿ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಹೆಚ್ಚೂ ಕಡಿಮೆ 8ನೇ ಜನರೇಷನ್‌ನಿಂದ ಈಚಿನದೇ ಆಗಬೇಕು, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇರೆ ಇರಬೇಕು. ಹಾಗಾಗಿ 6ನೇ, 7ನೇ ಜನರೇಷನ್ನಿನ ಐ7ಗಳು ರಾಶಿ ರಾಶಿ ಅಗ್ಗಕ್ಕೆ ಬರುತ್ತಿವೆ. "ಹದಿನೈದು ಸಾವಿರಕ್ಕ ಐ7 ಸರ!" ಅಂತ ವಾಟ್ಸಾಪ್ ಬರುತ್ತದೆ. ಅಡ್ಡದಾರಿಯಲ್ಲಿ ವಿಂಡೋಸ್ 11 ತುರುಕಿ ಕೊಡುವವರೂ ಇದ್ದಾರೆ. ವಿಂಡೋಸ್ ಬದಲು ಫ್ರೀ ಸಿಗುವ ಲಿನಕ್ಸ್ ಹಾಕಿ ಬಳಸುವವರಾದರೆ ಮಜವಾಗಿ ತೆಗೆದುಕೊಳ್ಳಿ, ಅಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿದರೆ ಅದು ಹರೆಯಕ್ಕೆ ಬಂದಂತೆ ಓಡುತ್ತದೆ. ಮಿಂಟ್ ಕೇಳುವುದೇ 2 ಜಿಬಿ, ಆರಾಮಾಗಿ ಇರೋಕೆ 4. ಪೈಥಾನ್, ಸಿ, ಜಾವಾ, ವೆಬ್ ಕೆಲಸ ಎಲ್ಲ ಅದರಲ್ಲಿ ನಡೆಯುತ್ತದೆ. ಆಟೋಕ್ಯಾಡ್, ರೆವಿಟ್, ಸಾಲಿಡ್‌ವರ್ಕ್ಸ್ ನಡೆಯುವುದಿಲ್ಲ. ಸಿವಿಲ್, ಮೆಕ್ಯಾನಿಕಲ್ ಹುಡುಗರಿಗೆ ಲಿನಕ್ಸ್ ಉಪದೇಶ ಮಾಡುವ ಸೀನಿಯರ್‌ಗಳು ಇದನ್ನು ಹೇಳುವುದೇ ಇಲ್ಲ.

ಮೆಷಿನ್ ಲರ್ನಿಂಗ್ ಮಾಡ್ತೀನಿ, ಅದಕ್ಕೆ ಎನ್‌ವಿಡಿಯಾ ಕಾರ್ಡ್ ಇರೋ ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತ ಮನೆಯಲ್ಲಿ ಹಟ ಹಿಡಿಯುವ ಹುಡುಗರು ಹೆಚ್ಚುತ್ತಿದ್ದಾರೆ. ಇರಬಹುದು, ಕೆಲವರಿಗೆ ನಿಜಕ್ಕೂ ಬೇಕು. ಉಳಿದವರಿಗೆ ಬೇಕಾದದ್ದು ಬೇರೆ ಏನೋ, ಅದರ ಹೆಸರು ಹೇಳಿದರೆ ಜಗಳ ಆಗುತ್ತದೆ. ಕಾಲೇಜಿನ ಮಟ್ಟದ ಪ್ರಾಜೆಕ್ಟಿಗೆ ಗೂಗಲ್ ಕೊಲ್ಯಾಬ್ ಇದೆ. ಬ್ರೌಸರ್‌ನಲ್ಲೇ ತೆರೆಯುತ್ತದೆ, ಫ್ರೀ ಲೆಕ್ಕದಲ್ಲೇ ಸುಮಾರು 12 ಜಿಬಿ ರ‍್ಯಾಮ್ ಇರುವ ಯಂತ್ರ ಕೊಡುತ್ತದೆ, ಬಿಡುವಿದ್ದಾಗ ಜಿಪಿಯು (ಗ್ರಾಫಿಕ್ಸ್ ಚಿಪ್) ಕೂಡ. ನೆಟ್ ಒಂದಿದ್ದರೆ ಸಾಕು. ವಿದ್ಯಾನಗರದ ಪಿಜಿಯಲ್ಲಿ ಇರುವವನಿಗೆ ಇದು ಸುಲಭ, ರಜೆಗೆ ಶಿರಹಟ್ಟಿ ಕಡೆಯ ಹಳ್ಳಿಗೆ ಹೋದವನಿಗೆ ಅಷ್ಟು ಸುಲಭ ಅಲ್ಲ, ಅದೂ ನಿಜ.

ಮ್ಯಾಕ್‌ಬುಕ್ ಬಗ್ಗೆಯೂ ಕೇಳುತ್ತಾರೆ. ಒಳ್ಳೆಯ ಯಂತ್ರ. 2024ರ ಅಕ್ಟೋಬರ್‌ನಿಂದ ಮ್ಯಾಕ್‌ಬುಕ್ ಏರ್‌ಗೆ ಕನಿಷ್ಠ 16 ಜಿಬಿ ಕೊಡುತ್ತಿದ್ದಾರೆ, ಅದಕ್ಕೂ ಹಿಂದಿನವು ಎಂಟರಿಂದ ಶುರು. ಹಳೇ ಎಂ1 ಅಗ್ಗಕ್ಕೆ ಸಿಕ್ಕಿತು ಅಂತ ಎಂಟರದ್ದು ತೆಗೆದುಕೊಂಡರೆ ಅದು ಎಂಟರಲ್ಲೇ ಹುಟ್ಟಿ ಎಂಟರಲ್ಲೇ ಸಾಯುತ್ತದೆ, ಮ್ಯಾಕ್‌ಬುಕ್ಕಿನಲ್ಲಿ ಸ್ಲಾಟ್ ಅನ್ನುವುದೇ ಇಲ್ಲ. ರೆವಿಟ್, ಸಾಲಿಡ್‌ವರ್ಕ್ಸ್ ಮ್ಯಾಕ್‌ಗೆ ಬರುವುದೇ ಇಲ್ಲ. ಇನ್ನು ಡೆಸ್ಕ್‌ಟಾಪ್. ಮನೆಯಿಂದಲೇ ಕಾಲೇಜಿಗೆ ಹೋಗಿಬರುವ ಹುಡುಗರಿಗೆ, ಮನೆಯಲ್ಲಿ ಒಂದು ಯುಪಿಎಸ್ ಇಡುವಷ್ಟು ಅನುಕೂಲ ಇದ್ದರೆ, ಅದೇ ದುಡ್ಡಿಗೆ ಜಾಸ್ತಿ ರ‍್ಯಾಮ್, ದೊಡ್ಡ ಪರದೆ ಸಿಗುತ್ತದೆ. ಹಾಸ್ಟೆಲ್‌ನವರಿಗೆ ಆಗಿಬರುವುದಿಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಸಿಪಿಯು ಮಡಿಲಲ್ಲಿಟ್ಟುಕೊಂಡು ಹೊರಟ ಒಬ್ಬನನ್ನು ನೋಡಿದ್ದೇನೆ, ಪ್ರಾಜೆಕ್ಟ್ ಡೆಮೋ ಇತ್ತಂತೆ.

ಸೀಟು ಸಿಕ್ಕ ವಾರವೇ ಕೊಳ್ಳಬೇಕು ಅಂತ ಏನೂ ಇಲ್ಲ. ಮೊದಲ ಸೆಮಿಸ್ಟರಿಗೆ ಕಾಲೇಜಿನ ಲ್ಯಾಬ್ ಸಾಕಾಗುತ್ತದೆ, ಸಂಜೆ ತೆರೆದಿಡುತ್ತಾರಾ ಅಂತ ಮಾತ್ರ ವಿಚಾರಿಸಿ. ಅಷ್ಟರಲ್ಲಿ ಅದೇ ಬ್ರಾಂಚಿನ ಮೂರನೇ ವರ್ಷದ ಇಬ್ಬರನ್ನು ಹಿಡಿದು, ನಿಮ್ಮ ಲ್ಯಾಪ್‌ಟಾಪಿನಲ್ಲಿ ಯಾವ ಯಾವ ಸಾಫ್ಟ್‌ವೇರ್ ಇದೆ ತೋರಿಸಿ ಅಂತ ಕೇಳಬೇಕು. ಬಾಯಲ್ಲಿ ಹೇಳಿಸಿಕೊಳ್ಳುವುದಲ್ಲ, ತೆರೆಸಿ ನೋಡುವುದು, ತೆರೆದಾಗ ರ‍್ಯಾಮ್ ಎಷ್ಟು ಹಿಡಿಯಿತು ಅಂತಲೂ ನೋಡುವುದು. ಕೊಳ್ಳುವ ದಿನ ಹಳೆಯದಾದರೆ ಚಾರ್ಜರ್ ಕಿತ್ತು ಅರ್ಧ ಗಂಟೆ ಅಂಗಡಿಯಲ್ಲೇ ಓಡಿಸಿ. ಕೀಬೋರ್ಡಿನ ಪ್ರತಿ ಕೀಲಿ ಒತ್ತಿ. ಆನ್ ಮಾಡಿದಾಗ ವಿಂಡೋಸ್‌ಗೂ ಮೊದಲೇ ಬಯೋಸ್ ಪಾಸ್‌ವರ್ಡ್ ಕೇಳಿದರೆ ಅಲ್ಲೇ ಇಟ್ಟು ಬನ್ನಿ. ತೋರಿಸಿದ ಹದಿನಾರು ಜಿಬಿ ಮನೆಗೆ ಬರುವಷ್ಟರಲ್ಲಿ ಎಂಟಾಗಿರುವ ಪ್ರಸಂಗವೂ ಉಂಟು, ಹಾಗಾಗಿ ಬಿಲ್ಲಿನಲ್ಲಿ ಮಾಡೆಲ್, ಸೀರಿಯಲ್ ನಂಬರ್ ಜೊತೆ ರ‍್ಯಾಮ್ ಎಷ್ಟು, ಎಷ್ಟು ಸ್ಟಿಕ್ ಅನ್ನುವುದನ್ನೂ ಬರೆಸಿಕೊಳ್ಳಿ. ಬಿಲ್ ಬೇಡ ಅಂದರೆ ಐನೂರು ಕಮ್ಮಿ ಮಾಡ್ತೀವಿ ಅಂತಾರೆ, ಆ ಐನೂರು ಅವರ ಹತ್ತಿರವೇ ಇರಲಿ.